ನಮ್ಮ ಬೀದಿಯಲ್ಲೊಂದು ಬೇಸಿಗೆ ಸಂಜೆ: ಡಿಜೆ ಬೇಕಾ, ವಾಲಗ ಸಾಕಾ?

ಪ್ರಶ್ನೆ: ನಾವು ಕುಶಾಲನಗರದ ಹೊಳೆಬದಿಯ ಬಡಾವಣೆಯವರು. ಸುಮಾರು 60 ಮನೆಗಳಿವೆ. 2019ರ ಪ್ರವಾಹದ ಹೊತ್ತಲ್ಲಿ ಮಾಡಿಕೊಂಡ ವಾಟ್ಸಾಪ್ ಗ್ರೂಪ್ ಇನ್ನೂ ಇದೆ, ಆದರೆ ಈಗ ಅದರಲ್ಲಿ ಬರೀ ಗುಡ್ ಮಾರ್ನಿಂಗ್. ಮೇ ತಿಂಗಳಲ್ಲಿ ಒಂದು ಸಂಜೆ ಬೀದಿ ಬಂದ್ ಮಾಡಿ ಎಲ್ಲರೂ ಸೇರಿ ಪಾರ್ಟಿ ಮಾಡೋಣ ಅಂತ ನಾವು ಎಂಟು ಹತ್ತು ಹುಡುಗ ಹುಡುಗಿಯರು ಯೋಚನೆ ಮಾಡಿದ್ದೇವೆ. ಒಂದು ರೆಸಾರ್ಟ್‌ನವರು ಡಿಜೆ, ಲೈಟು ಎಲ್ಲ ಫ್ರೀಯಾಗಿ ಕೊಡುತ್ತೇವೆ, ನಮ್ಮ ಬ್ಯಾನರ್ ಹಾಕಿ ಸಾಕು ಅಂದಿದ್ದಾರೆ. ಹಿರಿಯರಲ್ಲಿ ಕೆಲವರಿಗೆ ಇದು ಇಷ್ಟ ಇಲ್ಲ. ಈ ಸಲ ಚೆನ್ನಾಗಿ ಆದರೆ ಮುಂದಿನ ವರ್ಷ ಕಾವೇರಿ ದಂಡೆಯಲ್ಲಿ ಬೀಚ್ ಪಾರ್ಟಿ ತರಹ ಮಾಡುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಬೇಕು ಸರ್?

ಉತ್ತರ: ಮೊದಲು ರೆಸಾರ್ಟ್‌ನವರಿಗೆ ಫೋನ್ ಮಾಡಿ, ಥ್ಯಾಂಕ್ಸ್ ಹೇಳಿ, ಬೇಡ ಅನ್ನಿ. ಉಳಿದದ್ದೆಲ್ಲ ಆಮೇಲೆ.

ಅವರೇನೂ ಕೆಟ್ಟವರಲ್ಲ. ಆದರೆ ಡಿಜೆ ಬಂದರೆ ವೇದಿಕೆ ಬೇಕಾಗುತ್ತದೆ. ವೇದಿಕೆ ಬಂದರೆ ಅದರ ಮುಂದೆ ಜನ ತುಂಬಬೇಕು. ಬ್ಯಾನರ್ ಕಟ್ಟಿದವರಿಗೆ ಜನ ಜಾಸ್ತಿಯಾದಷ್ಟೂ ಲಾಭ, ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿ ಹಾಕೇ ಹಾಕುತ್ತಾರೆ. ಮೇ ತಿಂಗಳ ವೀಕೆಂಡಿನಲ್ಲಿ ನಿಮ್ಮೂರಿನ ಲಾಡ್ಜು, ಹೋಂಸ್ಟೇಗಳು ಹೇಗೆ ತುಂಬಿರುತ್ತವೆ ಅಂತ ನಾನು ಹೇಳಬೇಕಿಲ್ಲ. ಏಳು ಗಂಟೆಗೆ ಬೀದಿ ತುದಿಯಲ್ಲಿ ಬೆಂಗಳೂರಿನ ಕಾರುಗಳು ಸಾಲಾಗಿ ನಿಂತಿರುತ್ತವೆ. ನಿಮ್ಮ ಅಜ್ಜಿ ಗೇಟಿನ ಒಳಗೇ ನಿಂತು ಇದ್ಯಾರ ಮದುವೆ ಅಂತ ನೋಡುತ್ತಿರುತ್ತಾರೆ. ಪಾರ್ಟಿ ನಿಮ್ಮ ಬೀದಿಯಲ್ಲೇ ನಡೆದಿರುತ್ತದೆ, ಆದರೆ ನಿಮ್ಮದಾಗಿರುವುದಿಲ್ಲ.

ಮಂಟಪ, ಮೆರವಣಿಗೆ, ಮೈದಾನದ ಕಾರ್ಯಕ್ರಮಗಳಲ್ಲಿ ಸೌಂಡ್ ಮತ್ತು ಜನಸಂದಣಿ ನೋಡಿಕೊಳ್ಳುವುದೇ ನನ್ನ ಕೆಲಸ. ಹಾಗಾಗಿ ಎಲ್ಲಾದರೂ ಬೀದಿ ಪಾರ್ಟಿ ಅಂದರೆ ಅದು ಹೇಗೆ ಬೆಳೆಯಿತು, ಹೇಗೆ ಕೆಟ್ಟಿತು ಅಂತ ಓದುವ ಚಟ ನನಗೆ. ಬರ್ಲಿನ್ನಿನ ಲವ್ ಪರೇಡ್ ಶುರುವಾಗಿದ್ದು 1989ರ ಜುಲೈನಲ್ಲಿ. ಆಗ ಇದ್ದದ್ದು ಸುಮಾರು 150 ಜನ. ಹತ್ತು ವರ್ಷದಲ್ಲಿ ಅದು ಹತ್ತು ಲಕ್ಷ ದಾಟಿತು. ಆಮೇಲೆ ಒಂದು ಜಿಮ್ ಸರಣಿಯ ಮಾಲೀಕರ ಕೈಗೆ ಹೋಯಿತು, ಬರ್ಲಿನ್ ಬಿಟ್ಟು ಬೇರೆ ಊರುಗಳಿಗೆ ಹೊರಟಿತು. 2010ರಲ್ಲಿ ಡ್ಯೂಸ್‌ಬರ್ಗ್‌ನಲ್ಲಿ ಬೇಲಿ ಹಾಕಿದ ಜಾಗದಲ್ಲಿ ಮಾಡಿದರು. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಸುರಂಗದ ಅದೇ ದಾರಿ. ನೂಕುನುಗ್ಗಲಿನಲ್ಲಿ 21 ಜನ ಸತ್ತರು. ಲವ್ ಪರೇಡ್ ಅಲ್ಲಿಗೇ ನಿಂತುಹೋಯಿತು.

ಬೀಚಿನ ಆಸೆ ಇರುವ ನಿಮಗೆ ಇಂಗ್ಲೆಂಡಿನ ಬ್ರೈಟನ್ ಕತೆಯನ್ನೂ ಹೇಳಬೇಕು. 2002ರ ಜುಲೈ 13ರಂದು ಫ್ಯಾಟ್‌ಬಾಯ್ ಸ್ಲಿಮ್ ಅನ್ನೋ ಡಿಜೆ ಅಲ್ಲಿನ ಕಡಲ ದಂಡೆಯಲ್ಲಿ ಉಚಿತ ಪಾರ್ಟಿ ಇಟ್ಟ. 60 ಸಾವಿರ ಜನ ಬರಬಹುದು ಅಂತ ಅಂದಾಜು. ಬಂದದ್ದು ಎರಡೂವರೆ ಲಕ್ಷ. ರೈಲು, ರಸ್ತೆ, ಶೌಚಾಲಯ ಯಾವುದೂ ಸಾಲಲಿಲ್ಲ. ಉಚಿತ, ಯಾರು ಬೇಕಾದರೂ ಬನ್ನಿ ಅಂದ ಮೇಲೆ ಎಷ್ಟು ಜನ ಬರುತ್ತಾರೆ ಅಂತ ಹೇಳೋಕೆ ಯಾರಿಗೂ ಆಗುವುದಿಲ್ಲ. ನಮ್ಮಲ್ಲೇ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ 11 ಜನ ಸತ್ತದ್ದು ಇನ್ನೂ ಹಸಿಯಾಗಿಯೇ ಇದೆ. ಠಾಣೆಗೆ ಹೋದರೆ ನಿಮ್ಮನ್ನು ಮೊದಲು ಕೇಳುವುದು ಎಷ್ಟು ಜನ ಅಂತಲೇ. ಆ ಉತ್ತರ ನಿಮ್ಮ ಹತ್ತಿರ ಗಟ್ಟಿಯಾಗಿ ಇರಬೇಕು.

ಲೆಕ್ಕ ಹಾಕೋಣ. ನಿಮ್ಮ ಬೀದಿಯಲ್ಲಿ ಬಂದ್ ಮಾಡಬಹುದಾದ ಭಾಗ 100 ಮೀಟರ್ ಉದ್ದ, 6 ಮೀಟರ್ ಅಗಲ ಅಂದುಕೊಳ್ಳಿ. ಒಟ್ಟು 600 ಚದರ ಮೀಟರ್. ಆಂಬುಲೆನ್ಸ್ ಹೋಗೋಕೆ ಒಂದು ಬದಿಯಲ್ಲಿ ಮೂರೂವರೆ ಮೀಟರ್ ಖಾಲಿ ಬಿಡಲೇಬೇಕು, ಅದರ ಮೇಲೆ ಶಾಮಿಯಾನದ ಹಗ್ಗವೂ ಬರಬಾರದು. ಉಳಿದದ್ದು 250 ಚದರ ಮೀಟರ್. ಊಟದ ಮೇಜು, ಕುರ್ಚಿ ಹೋಗಿ 200 ಸಿಕ್ಕಿದರೆ ಹೆಚ್ಚು. ಚದರ ಮೀಟರಿಗೆ ಒಬ್ಬರಂತೆ 200 ಜನ ಆರಾಮಾಗಿ ಓಡಾಡಬಹುದು. ಇಬ್ಬರಾದರೆ ಗಿಜಿಗಿಜಿ. ಅದೇ ಜಾಗದಲ್ಲಿ ನಾಲ್ಕೈದು ಜನ ನಿಂತರೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ, ಗುಂಪು ತಳ್ಳಿದ ಕಡೆ ಹೋಗುತ್ತೀರಿ. 60 ಮನೆ, ಮನೆಗೆ ಮೂರು ನಾಲ್ಕು ಜನ, ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು. ಜಾಗ ಅಲ್ಲಿಗೇ ತುಂಬಿತು. ಹೊರಗಿನವರನ್ನು ಕರೆಯೋ ಪ್ರಶ್ನೆಯೇ ಬರುವುದಿಲ್ಲ. ಫೋಟೋ ಹಾಕೋದಿದ್ದರೆ ಮಾರನೇ ದಿನ ಹಾಕಿ.

ಇಷ್ಟು ಚಿಕ್ಕದು ಮಾಡೋಕೆ ಇಷ್ಟೆಲ್ಲಾ ಯಾಕೆ ಅಂತ ಅನಿಸಬಹುದು. ಪ್ಯಾರಿಸ್ಸಿನಲ್ಲಿ ನೆರೆಮನೆಯವರ ಹಬ್ಬ ಅಂತ ಒಂದಿದೆ. 1999ರಲ್ಲಿ ಆ ನಗರದ 17ನೇ ವಿಭಾಗದಲ್ಲಿ ಶುರುವಾದದ್ದು. ಒಂದು ಕಟ್ಟಡದಲ್ಲಿ ಒಬ್ಬ ಅಜ್ಜಿ ತೀರಿಕೊಂಡು ಬಹಳ ದಿನವಾದರೂ ಪಕ್ಕದ ಮನೆಯವರಿಗೆ ಗೊತ್ತಾಗಿರಲಿಲ್ಲ. ಆ ಸಂಕಟದಿಂದಲೇ ಇದು ಹುಟ್ಟಿತು. ಮೇಜು ತಂದು ಅಂಗಳದಲ್ಲಿ ಇಡುವುದು, ಮನೆಯಲ್ಲಿ ಮಾಡಿದ್ದನ್ನು ತಂದು ಹಂಚಿ ತಿನ್ನುವುದು, ಅಷ್ಟೇ ಕಾರ್ಯಕ್ರಮ. ಕೊಡಗಿನಲ್ಲಿ ಈಗ ಎಷ್ಟು ಮನೆಗಳಲ್ಲಿ ಮಕ್ಕಳೆಲ್ಲ ಬೆಂಗಳೂರು, ದುಬೈ ಅಂತ ಹೋಗಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ ಅಂತ ನಿಮಗೇ ಗೊತ್ತು. ನಿಮ್ಮ ಬೀದಿಯಲ್ಲೂ ಇರುತ್ತಾರೆ.

ಇನ್ನೊಂದು ಊರು ಬಾರ್ಸಿಲೋನಾ. ಅಲ್ಲಿ ಗ್ರಾಸಿಯಾ ಅನ್ನೋ ಭಾಗದಲ್ಲಿ ಆಗಸ್ಟ್ 15ರ ಸುಮಾರಿಗೆ ಬೀದಿ ಹಬ್ಬ. ಒಂದೊಂದು ಬೀದಿಯವರೂ ತಮ್ಮ ಬೀದಿಯನ್ನು ಹಳೇ ಬಾಟಲಿ, ರಟ್ಟು, ಕಾಗದದಲ್ಲಿ ಅಲಂಕಾರ ಮಾಡುತ್ತಾರೆ. ತಿಂಗಳುಗಟ್ಟಲೆ ಕೂತು ಕತ್ತರಿಸಿ ಅಂಟಿಸುತ್ತಾರೆ, ಚೆನ್ನಾಗಿರುವ ಬೀದಿಗೆ ಬಹುಮಾನ. ನಮ್ಮ ಮಡಿಕೇರಿ ದಸರಾದಲ್ಲಿ ರಾತ್ರಿ ಮೆರವಣಿಗೆ ಹೊರಡುವ ದಶಮಂಟಪಗಳ ಹಿಂದೆಯೂ ಅದೇ ತಾನೇ? ಹತ್ತು ದೇವಸ್ಥಾನಗಳ ಸಮಿತಿ, ಆಯಾ ಬೀದಿಯ ಹುಡುಗರು, ರಾತ್ರಿ ಕೂತು ಮಾಡುವ ಕೆಲಸ, ಪಕ್ಕದ ಮಂಟಪಕ್ಕಿಂತ ನಮ್ಮದು ಜೋರಾಗಬೇಕು ಅನ್ನೋ ಹಟ. ನನ್ನ ಕೇಳಿದರೆ ಮಂಟಪ ಹೊರಡುವ ರಾತ್ರಿಗಿಂತ ಅದರ ಹಿಂದಿನ ದಿನಗಳೇ ಚೆನ್ನ. ಹಾಗಾಗಿ ನಿಮ್ಮ ಪಾರ್ಟಿಯ ಕೆಲಸವನ್ನು ಎಂಟು ಹತ್ತು ಜನರೇ ಮಾಡಿ ಮುಗಿಸಬೇಡಿ. ಬಂದವರ ಪೈಕಿ ಯಾರೂ ಸುಮ್ನೆ ಕೈಕಟ್ಟಿ ನೋಡುವವರಾಗಬಾರದು. ಅದೊಂದು ಸಿಕ್ಕಿದರೆ ಪಾರ್ಟಿ ಗೆದ್ದ ಹಾಗೆ.

ವೇದಿಕೆ ಇಲ್ಲದೆ ಪಾರ್ಟಿ ಹೇಗೆ ಅನ್ನುವವರು ಮೇ ತಿಂಗಳಲ್ಲಿ ಗೋಣಿಕೊಪ್ಪಲು ಕಡೆ ಹೋಗಿ ಬರಲಿ. ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ತೋಟದಲ್ಲಿ, ಹಾಡಿಯಲ್ಲಿ ವರ್ಷವಿಡೀ ದುಡಿಯುವ ಬುಡಕಟ್ಟಿನ ಜೇನುಕುರುಬರು, ಯರವರು ಆ ದಿನ ಬೀದಿಗೆ ಇಳಿಯುತ್ತಾರೆ. ಗಂಡಸರು ಸೀರೆ ಉಟ್ಟಿರುತ್ತಾರೆ, ಮುಖಕ್ಕೆ ಬಣ್ಣ. ಪ್ಲಾಸ್ಟಿಕ್ ಡಬ್ಬ, ಬಕೆಟ್, ಸೋರೆ ಬುರುಡೆ, ಕೈಗೆ ಸಿಕ್ಕಿದ್ದೇ ವಾದ್ಯ. ರಸ್ತೆಯಲ್ಲಿ ಸಿಕ್ಕಿದವರನ್ನೆಲ್ಲ ನಿಲ್ಲಿಸಿ, ಬೈದು, ಕುಣಿದು, ಕಾಸು ಕೇಳುತ್ತಾರೆ. ಅವತ್ತು ಯಜಮಾನನೂ ಬೈಸಿಕೊಳ್ಳಬೇಕು, ದೇವರಿಗೂ ಬೈಗುಳ ತಪ್ಪಿದ್ದಲ್ಲ. ಅಲ್ಲಿ ಪ್ರೇಕ್ಷಕ ಅಂತ ಯಾರೂ ಇಲ್ಲ, ದಾರಿಯಲ್ಲಿ ಹೋಗುವವನೂ ಆಟದ ಒಳಗೇ. ದಯವಿಟ್ಟು ಆ ವೇಷವನ್ನು ನಿಮ್ಮ ಪಾರ್ಟಿಗೆ ಫ್ಯಾನ್ಸಿ ಡ್ರೆಸ್ ಮಾಡಬೇಡಿ. ಅದು ಅವರದು, ಅದಕ್ಕೊಂದು ದೇವರಿದೆ, ದಿನವಿದೆ. ಕಲಿಯಬೇಕಾದದ್ದು ಇಷ್ಟೇ: ಆಟ ಒಂದು ಕಡೆ ನಿಲ್ಲದೆ ಮನೆ ಮನೆ ಮುಂದೆ ಹೋಗಬೇಕು. ನಿಮ್ಮಲ್ಲೂ ವಾಲಗದವರು ಬೀದಿ ತುದಿಯಿಂದ ಶುರು ಮಾಡಿ ಒಂದೊಂದು ಗೇಟಿನ ಮುಂದೆ ಒಂದೆರಡು ನಿಮಿಷ ನಿಂತು ಬಾರಿಸಿದರೆ, ಹೊರಗೆ ಬರಲ್ಲ ಅಂದವರೂ ಜಗುಲಿಗಾದರೂ ಬರುತ್ತಾರೆ. ವಾಲಗ ಕೇಳಿದ ಮೇಲೆ ಕೊಡಗಿನವರ ಕಾಲು ಸುಮ್ಮನಿರುತ್ತಾ?

ವಾಲಗದವರನ್ನು ಬೇಗ ಹೇಳಿ ಇಟ್ಟುಕೊಳ್ಳಿ, ಏಪ್ರಿಲ್ ಮೇ ಮದುವೆ ಕಾಲ. ಕೊಡುವ ಹಣದಲ್ಲಿ ಜಿಪುಣತನ ಬೇಡ, ಅವರಿಗೂ ನಿಮ್ಮ ಜೊತೆಯಲ್ಲೇ ಊಟ ಹಾಕಿ. ನಡುನಡುವೆ ಬೀದಿಯವರದೇ ಹಾಡು, ಕೋಲಾಟ, ದಫ್ ಬಲ್ಲವರಿದ್ದರೆ ದಫ್. ಒಬ್ಬರು ಅರೆಭಾಷೆಯಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ ಹಾಡಲಿ. ಒಂದು ಕುಶಾಲನಗರದ ಬೀದಿಯಲ್ಲಿ ಎಷ್ಟು ಭಾಷೆ ಇದೆ ಅಂತ ಅವತ್ತಾದರೂ ಗೊತ್ತಾಗಲಿ.

ಸೌಂಡಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಜಗಳ ಹುಟ್ಟುವುದು ಇಲ್ಲೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ನಿಯಮದ ಲೆಕ್ಕದಲ್ಲಿ ಹಗಲು ಅಂದರೆ ಬೆಳಗ್ಗೆ 6ರಿಂದ ರಾತ್ರಿ 10. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಹಾಕಿದರೆ ಆ ಜಾಗದ ಅಂಚಿನಲ್ಲಿ ಅದಕ್ಕಿಂತ 10 ಜಾಸ್ತಿ ಇರಬಹುದು. ಅಂದರೆ ನಿಮಗೆ 65. ಎದುರಿಗೆ ನಿಂತವರ ಜೊತೆ ಕೂಗದೆ ಮಾತಾಡುವಷ್ಟು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕವೇ ಇಲ್ಲ. ದಶಮಂಟಪ ರಾತ್ರಿಯಿಡೀ ನಡೆಯುತ್ತದಲ್ಲ ಅಂತ ನಿಮ್ಮಲ್ಲೊಬ್ಬರು ಕೇಳೇ ಕೇಳುತ್ತಾರೆ. ದಸರಾದಂಥ ಹಬ್ಬದ ಮಾತೇ ಬೇರೆ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ 10ರಿಂದ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಒಂದು ಬಡಾವಣೆಯ ಪಾರ್ಟಿಗೆ ಅದನ್ನು ಕೇಳಲು ಹೋಗಬೇಡಿ.

ಇನ್ನು ಬಾಕ್ಸ್ ಇಡುವ ಕ್ರಮ. ಬಯಲಲ್ಲಿ ಸ್ಪೀಕರಿನಿಂದ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬೀದಿಯ ಕೊನೆಗೂ ಕೇಳಿಸಲಿ ಅಂತ ಒಂದೇ ಕಡೆ ದೊಡ್ಡ ಬಾಕ್ಸುಗಳನ್ನು ಪೇರಿಸಿದರೆ ಅದರ ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾರೆ, ಕೊನೆಯವರಿಗೆ ಆಗಲೂ ಸರಿಯಾಗಿ ಕೇಳಿಸುವುದಿಲ್ಲ. ಅದರ ಬದಲು 15–20 ಮೀಟರಿಗೊಂದು ಸಣ್ಣ ಬಾಕ್ಸ್ ಇಡಿ. ತಲೆಗಿಂತ ಸ್ವಲ್ಪ ಎತ್ತರದಲ್ಲಿರಲಿ, ಬಾಕ್ಸಿನ ಮುಖ ಬೀದಿಯ ಕಡೆಗೆ ಬಾಗಿರಲಿ, ವಾಲ್ಯೂಮ್ ಕಮ್ಮಿ. ಸಬ್ ವೂಫರ್ ತರಲೇಬೇಡಿ. ಗೋಡೆ ದಾಟಿ ಹೋಗಿ ಮಲಗಿದವರ ಎದೆ ಅದುರಿಸುವುದು ಆ ದಪ್ಪ ಶಬ್ದವೇ. ಇನ್ನೊಂದು ವಿಷಯ ಹೊಳೆಬದಿಯವರಿಗೆ ಮಾತ್ರ: ಸೂರ್ಯ ಮುಳುಗಿದ ಮೇಲೆ ನೆಲದ ಹತ್ತಿರದ ಗಾಳಿ ತಣ್ಣಗಾಗುತ್ತದೆ, ಶಬ್ದ ಮೇಲೆ ಹೋಗದೆ ಕೆಳಕ್ಕೇ ಬಾಗಿ ದೂರ ಸಾಗುತ್ತದೆ. ಐದು ಗಂಟೆಗೆ ಆಚೆ ದಡಕ್ಕೆ ಕೇಳಿಸದಿದ್ದ ಹಾಡು ಎಂಟೂವರೆಗೆ ಅದೇ ವಾಲ್ಯೂಮಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗಾಗಿ ಏಳರ ಮೇಲೆ ಇನ್ನಷ್ಟು ಇಳಿಸಿ. ಒಂಬತ್ತಕ್ಕೆ ಮೈಕು ಬಂದ್.

ಒಂಬತ್ತಕ್ಕೇ ಮುಗಿಸಿ ಅನ್ನೋದಕ್ಕೆ ಇನ್ನೂ ಒಂದು ಕಾರಣ ಇದೆ. ನೆಂಟರು ಸಿದ್ದಾಪುರ, ನೆಲ್ಯಹುದಿಕೇರಿ, ಮಾಲ್ದಾರೆ ಕಡೆಯಿಂದ ಬಂದಿದ್ದರೆ ಅವರು ತೋಟದ ರಸ್ತೆಯಲ್ಲಿ ವಾಪಸ್ ಹೋಗಬೇಕು. ರಾತ್ರಿ ಆ ರಸ್ತೆಯಲ್ಲಿ ಆನೆ. ಬೈಕಿನಲ್ಲಿ ಬಂದವರನ್ನಂತೂ ಕತ್ತಲಾಗುವ ಮೊದಲೇ ಕಳಿಸಿ, ಇಲ್ಲವಾದರೆ ಉಳಿಸಿಕೊಳ್ಳಿ. ಪಟಾಕಿ ಬೇಡ. ಕೋವಿ ಇದೆ ಅಂತ ಖುಷಿಗೆ ಒಂದು ಗುಂಡು ಹಾರಿಸುವುದೂ ಬೇಡ. ಹಬ್ಬದ ಮನೆಯ ಪದ್ಧತಿ ಹಬ್ಬದ ಮನೆಯಲ್ಲೇ ಇರಲಿ.

ಹಿರಿಯರ ವಿಷಯಕ್ಕೆ ಬರೋಣ. ಅವರಿಗೆ ಇಷ್ಟ ಇಲ್ಲ ಅಂದಿರಿ. ಯಾವುದು ಇಷ್ಟ ಇಲ್ಲ ಅಂತ ಕೇಳಿದಿರಾ? ವಾಟ್ಸಾಪಿನಲ್ಲಿ ಅಲ್ಲ, ಮನೆಗೆ ಹೋಗಿ, ಕೂತು, ಅವರು ಕೊಟ್ಟ ಕಾಫಿ ಕುಡಿದು. ಒಂದು ಮನೆಯಲ್ಲಿ ಹಾಸಿಗೆ ಹಿಡಿದವರಿರುತ್ತಾರೆ. ಇನ್ನೊಂದರಲ್ಲಿ ಎಳೆ ಮಗು. ಮತ್ತೊಬ್ಬರಿಗೆ ಹಳೇ ಸೈಟಿನ ಜಗಳ, ಪಾರ್ಟಿ ಬರೀ ನೆಪ. ಮೊದಲನೆಯ ಇಬ್ಬರ ಮನೆಯಿಂದ ಬಾಕ್ಸ್ ದೂರ ಇಡಿ, ಇಟ್ಟ ಮೇಲೆ ಅವರನ್ನೇ ಕರೆದು ತೋರಿಸಿ. ಮೂರನೆಯವರಿಗೆ ಒಂದು ಜವಾಬ್ದಾರಿ ಕೊಡಿ. ಬೀದಿ ತುದಿಯಲ್ಲಿ ಒಂದು ಬೆಂಚು ಹಾಕಿ, ಇಬ್ಬರು ಹಿರಿಯರನ್ನು ಸರದಿಯಲ್ಲಿ ಕೂರಿಸಿ, ಜೊತೆಗೆ ಒಬ್ಬ ಹುಡುಗ. ಬರೀ ಬ್ಯಾರಿಕೇಡ್ ಇಟ್ಟರೆ ಯಾರೋ ಇಳಿದು ಅದನ್ನು ಸರಿಸಿ ಕಾರು ನುಗ್ಗಿಸುತ್ತಾರೆ. ನಿವೃತ್ತ ಸುಬೇದಾರರೊಬ್ಬರು ಬೆಂಚಿನ ಮೇಲೆ ಕೂತಿದ್ದರೆ ನುಗ್ಗಿಸುವುದಿಲ್ಲ. ಕೊಡಗಿನಲ್ಲಿ ಅಂಥವರಿಗೇನು ಬರವೇ!

ಅನುಮತಿ ಕಷ್ಟ ಇಲ್ಲ, ಬೇಗ ಹೋಗಬೇಕು ಅಷ್ಟೇ. ಮೂರ್ನಾಲ್ಕು ವಾರ ಮೊದಲೇ ಪೊಲೀಸ್ ಠಾಣೆಗೂ ಪುರಸಭೆಗೂ ಅರ್ಜಿ ಕೊಡಿ. ದಿನ, ಹೊತ್ತು, ಜನ ಎಷ್ಟು, ಯಾವ ಮನೆಯಿಂದ ಯಾವ ಮನೆವರೆಗೆ ರಸ್ತೆ ಬಂದ್, ವಾಹನಕ್ಕೆ ಬದಲಿ ದಾರಿ ಯಾವುದು, ಹೊಣೆ ಯಾರದು. ಕೈಯಲ್ಲೇ ಒಂದು ನಕ್ಷೆ ಬರೆದು ಜೊತೆಗಿಡಿ. ಬೀದಿಯ ಮನೆಯವರ ಸಹಿ ಇದ್ದರೆ ಅರ್ಧ ಕೆಲಸ ಆಯಿತು. ಧ್ವನಿವರ್ಧಕಕ್ಕೆ ಪೊಲೀಸ್ ಅನುಮತಿ ಬೇರೆ. ಒಳಬೀದಿಯಾದರೆ ಕೊಡುತ್ತಾರೆ. ಮೈಸೂರು–ಮಂಗಳೂರು ಹೆದ್ದಾರಿಗೆ ತಾಗುವ ಕಡೆ ಒಂದಿಂಚೂ ಮುಚ್ಚಲು ಹೋಗಬೇಡಿ. ರಸ್ತೆಯಲ್ಲಿ ಕುಡಿತ ಬೇಡ. ಅಬಕಾರಿ ಪರವಾನಗಿಯ ತಲೆನೋವು ಒಂದು ಕಡೆ ಇರಲಿ, ಅದೊಂದು ಶುರುವಾದರೆ ಹೆಂಗಸರು ಮಕ್ಕಳು ಏಳೂವರೆಗೇ ಒಳಗೆ ಹೋಗುತ್ತಾರೆ.

ಮಳೆ ಬರುತ್ತದೆ ಅಂತಲೇ ಅಂದುಕೊಂಡು ತಯಾರಿ ಮಾಡಿ. ಏಪ್ರಿಲ್ ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಕೊಡಗಿಗೆ ಹೊಸದಲ್ಲ. ಬದಲಿ ದಿನ ಒಂದು ಮೊದಲೇ ಗೊತ್ತು ಮಾಡಿ, ಅರ್ಜಿಯಲ್ಲೂ ಬರೆಯಿರಿ. ಗುಡುಗು ಕೇಳಿಸಿದ ಕೂಡಲೇ ಎಲ್ಲರೂ ಒಳಗೆ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾದು ಮತ್ತೆ ಹೊರಗೆ. ಕರೆಂಟಿಗೆ ಕಂಬಕ್ಕೆ ಕೊಕ್ಕೆ ಹಾಕುವ ಯೋಚನೆ ಬಿಡಿ. ಚೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಇಲ್ಲ ಸಣ್ಣ ಜನರೇಟರ್. ಎರಡರಲ್ಲಿ ಯಾವುದಾದರೂ ಮೇನಿನಲ್ಲಿ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇರಬೇಕು. ಇದೆಯಾ ಅಂತ ಬಾಯಿಮಾತಿನಲ್ಲಿ ಕೇಳಿದರೆ ಇದೆ ಅಂತಾರೆ. ಅದರ ಮೇಲಿರುವ ಟೆಸ್ಟ್ ಬಟನ್ ಒತ್ತಿಸಿ. ಠಕ್ ಅಂತ ಲೈಟು ಹೋದರೆ ಸರಿ, ಹೋಗದಿದ್ದರೆ ಆ ಬೋರ್ಡ್ ವಾಪಸ್ ಕಳಿಸಿ. ವಯರು ನೆಲದ ಮೇಲೆ ಎಲ್ಲೂ ಹಾಯಬಾರದು, ನೀರು ನಿಂತರೆ ಕತೆ ಮುಗಿಯಿತು. ಜಾಯಿಂಟುಗಳೂ ತಲೆಯ ಮೇಲೇ ಇರಲಿ.

ಊಟ ಮನೆಗಳಿಂದಲೇ ಬರಲಿ, ಕೇಟರಿಂಗ್ ಬೇಡ. ಯಾರು ಏನು ತರುತ್ತಾರೆ ಅಂತ ಒಂದು ಪಟ್ಟಿ ಮಾಡದಿದ್ದರೆ ಎಲ್ಲರೂ ಚಿತ್ರಾನ್ನ ತರುತ್ತಾರೆ! ಕಡಂಬಿಟ್ಟು, ನೂಪುಟ್ಟು, ಕಾಡುಮಾವಿನ ಸಾರು, ಹಲಸಿನ ಹಣ್ಣಿನ ಕಡುಬು, ಯಾರಾದರೂ ಬಿರಿಯಾನಿ ಮಾಡುವವರಿದ್ದರೆ ಬಿಡಬೇಡಿ. ಪಂದಿ ಕರಿ ಇಲ್ಲದೆ ಕೆಲವರಿಗೆ ಪಾರ್ಟಿಯೇ ಅಲ್ಲ. ಅದಕ್ಕೆ ಬೀದಿಯ ಒಂದು ತುದಿಯಲ್ಲಿ ಬೇರೆ ಮೇಜು, ಬೇರೆ ಸೌಟು, ದೊಡ್ಡ ಅಕ್ಷರದಲ್ಲಿ ಹೆಸರು. ಇನ್ನೊಂದು ತುದಿಯಲ್ಲಿ ಸಸ್ಯಾಹಾರ. ಇದನ್ನು ಮೊದಲೇ ಎಲ್ಲರಿಗೂ ಹೇಳಿದರೆ ಯಾರ ಮುಖವೂ ಊದುವುದಿಲ್ಲ. ತಟ್ಟೆ ಲೋಟ ಅವರವರ ಮನೆಯದೇ ತರಲಿ. ಥರ್ಮೊಕೋಲ್ ತಟ್ಟೆ, ಪ್ಲಾಸ್ಟಿಕ್ ಚಮಚ 2022ರ ಜುಲೈನಿಂದ ದೇಶದಲ್ಲೇ ನಿಷೇಧ. ಮಾರನೇ ಬೆಳಗ್ಗೆ ಪೌರಕಾರ್ಮಿಕರು ಬರುವ ಮೊದಲು ನೀವೇ ಗುಡಿಸಿ ಮುಗಿಸಿರಬೇಕು.

ಇಷ್ಟಕ್ಕೆ ಹಣ ಜಾಸ್ತಿ ಬೇಕಾಗಿಲ್ಲ. ಮನೆಗೆ 300 ರೂಪಾಯಿಯಂತೆ 60 ಮನೆಯಿಂದ 18,000. ವಾಲಗ, ಬಾಕ್ಸು, ಲೈಟು, ಕುರ್ಚಿ ಅದರಲ್ಲಿ ಎಷ್ಟಕ್ಕೆ ಸಿಗುತ್ತವೋ ಅಷ್ಟೇ ತರಿಸಿ. ಲೆಕ್ಕವನ್ನು ಮೂರು ದಿನದ ಒಳಗೆ ಗ್ರೂಪಿನಲ್ಲಿ ಹಾಕಿ. ಮುಂದಿನ ವರ್ಷ ಇದೇ ಹತ್ತು ಜನ ಮಾಡಬೇಡಿ, ಪಕ್ಕದ ಅಡ್ಡರಸ್ತೆಯವರಿಗೆ ಬಿಟ್ಟುಕೊಡಿ. ಕೊಡವ ಮನೆತನಗಳು ಆಡುವ ಹಾಕಿ ಟೂರ್ನಿ, ಹಾಕಿ ನಮ್ಮೆಯನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗಿನಿಂದ ಪ್ರತಿ ಸಲ ಒಂದೊಂದು ಒಕ್ಕ (ಮನೆತನ) ಹೊಣೆ ಹೊರುತ್ತಾ ಬಂದಿದೆ. ಒಬ್ಬರೇ ಹಿಡಿದುಕೊಂಡು ಕೂತಿದ್ದರೆ ಇಷ್ಟು ವರ್ಷ ಬರುತ್ತಿತ್ತಾ? ಅಂದ ಹಾಗೆ ನಿಮ್ಮ ಪಾರ್ಟಿಯ ದಿನ ಆ ಹಾಕಿ ಟೂರ್ನಿಯ ಫೈನಲ್ ದಿನವೇ ಆಗದ ಹಾಗೆ ನೋಡಿಕೊಳ್ಳಿ. ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ.

ಕೊನೆಗೆ ಕಾವೇರಿ ದಂಡೆ. ಇದಕ್ಕೆ ನನ್ನ ಉತ್ತರ ಬೇಡ ಅಂತಲೇ. ಕಡಲ ದಂಡೆ ಉದ್ದಕ್ಕೂ ಬಯಲು, ಗಲಾಟೆಯಾದರೆ ಜನ ಚದುರಲು ಜಾಗ ಇದೆ. ಹಾಗಿದ್ದೂ ಬ್ರೈಟನ್‌ನಲ್ಲಿ ಏನಾಯಿತು ನೋಡಿದಿರಿ. ಹೊಳೆ ದಂಡೆಗೆ ಇಳಿಯಲು ಒಂದೇ ಕಡಿದಾದ ದಾರಿ, ಬೆನ್ನ ಹಿಂದೆ ನೀರು. ಬೇಸಿಗೆಯಲ್ಲಿ ನೀರು ಇಳಿದು ಬಂಡೆ, ಮರಳು ಕಾಣುತ್ತದೆ, ಮೊಣಕಾಲಷ್ಟೇ ಅನಿಸುತ್ತದೆ. ಎರಡು ಹೆಜ್ಜೆ ಆಚೆ ಆಳದ ಗುಂಡಿ. ನಿಮ್ಮಲ್ಲಿ ಬಿಸಿಲಿದ್ದರೂ ಭಾಗಮಂಡಲದ ಕಡೆ ಜೋರು ಮಳೆಯಾದರೆ ಇಲ್ಲಿ ನೀರು ಏರಬಹುದು. ಕೂಡಿಗೆಯಿಂದ ಕೆಳಗಾದರೆ ಹಾರಂಗಿ ಅಣೆಕಟ್ಟೆಯ ನೀರೂ ಸೇರುತ್ತದೆ. ಕತ್ತಲಲ್ಲಿ, ಮ್ಯೂಸಿಕ್ಕಿನ ನಡುವೆ, ಒಬ್ಬ ಜಾರಿದರೆ ಪಕ್ಕದವನಿಗೂ ಗೊತ್ತಾಗುವುದಿಲ್ಲ. ಹೊಳೆ ಬೇಕೇ ಬೇಕು ಅಂದರೆ ಬೆಳಗ್ಗೆ ಆರೂವರೆಗೆ ಎಲ್ಲರೂ ನಡೆದು ಹೋಗಿ, ದಂಡೆಯಲ್ಲಿ ಬಿದ್ದ ಬಾಟಲಿ ಹೆಕ್ಕಿ, ಮೇಲೆ ಬಂದು ತಿಂಡಿ ತಿನ್ನಿ. ಮೈಕು ಬೇಡ, ನೀರಿಗೆ ಇಳಿಯುವುದೂ ಬೇಡ.

ನಿಜವಾದ ಬೀಚೇ ಬೇಕಾದರೆ ಒಂದು ಬಸ್ ಮಾಡಿಕೊಂಡು ಕಣ್ಣೂರಿಗೆ ಹೋಗಿ. ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ದಾರಿ. ಮಕ್ಕಳಿಗೆ ಅಲ್ಲಿಯ ಪಯ್ಯಾಂಬಲಂ ಬೀಚಿಗಿಂತ ಮುಳಪ್ಪಿಲಂಗಾಡ್ ಬೀಚ್ ಇಷ್ಟವಾಗುತ್ತದೆ, ಅಲ್ಲಿ ನಾಲ್ಕು ಕಿಲೋಮೀಟರಿನಷ್ಟು ಮರಳಿನ ಮೇಲೇ ಕಾರು ಓಡುತ್ತದೆ. ಹೋಗುವ ಮೊದಲು ಉಬ್ಬರದ ಹೊತ್ತು ಯಾವುದು ಅಂತ ನೋಡಿಕೊಳ್ಳಿ. ಮೇ ಕೊನೆಗೆ ಮುಂದೂಡಬೇಡಿ, ಅಷ್ಟರಲ್ಲಿ ಕಡಲು ಒರಟಾಗಿರುತ್ತದೆ. ಏಪ್ರಿಲ್ ಸಾಕು. ಬೆಳಗಿನ ಜಾವವೇ ಹೊರಡಿ, ಹತ್ತರ ಮೇಲೆ ಅಲ್ಲಿಯ ಬಿಸಿಲು ನಮ್ಮವರಿಗೆ ತಡೆಯುವುದಿಲ್ಲ.